ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸುವವರು

ಕಾಕಾ ಯಾವ ಕೋಣೆಯಿಂದ ಏಳುವುದಿದ್ದರೂ ಏಳುವ ಸ್ವಲ್ಪ ಮುಂಚೆಯೇ ಫ್ಯಾನಿನ ಸ್ವಿಚ್ ಆರಿಸುತ್ತಿದ್ದರು. ಮಾತು ಇನ್ನೂ ಮುಗಿದಿರುತ್ತಿರಲಿಲ್ಲ, ಬಸಿಯಲ್ಲಿ ಚಹಾ ಉಳಿದಿರುತ್ತಿತ್ತು. ಎದುರಿಗೆ ಕೂತವರು ಹಣೆ ಒರೆಸಿಕೊಂಡು ಮೇಲೆ ನೋಡಿದರೆ ರೆಕ್ಕೆಗಳ ಕಡೆ ಬೆರಳು ತೋರಿಸಿ, "ತಿರಗಾಕತ್ತದಲ್ಲ ಇನ್ನಾ? ಓಟ ಇದ್ದಾಗ ಬೆಂಕಿ ಯಾಕ?" ಎನ್ನುತ್ತಿದ್ದರು.

ಅಡುಗೆಮನೆಯಲ್ಲೂ ಇದೇ ಕಾನೂನು. ಅನ್ನಕ್ಕೆ ಇನ್ನೊಂದು ಕುದಿ ಬೇಕು ಎನ್ನುವಾಗಲೇ ಹೋಗಿ ಗ್ಯಾಸ್ ಬಂದ್ ಮಾಡಿ, ಪಾತ್ರೆಗೆ ತಾಟು ಮುಚ್ಚಿ ಬರುತ್ತಿದ್ದರು. ಉಳಿದದ್ದನ್ನು ಒಳಗಿನ ಬಿಸಿಯೇ ಬೇಯಿಸಿಕೊಳ್ಳಬೇಕು. ಅವರ ಹೆಂಡತಿ, ನಾವು ಕಾಕು ಎಂದು ಕರೆಯುವವರು, ಬಂದವರ ಮುಂದೆ ದೂರುತ್ತಿದ್ದರು: "ಎಲ್ಲಾರ ಮನ್ಯಾಗ ಅನ್ನ ಒಲಿ ಮ್ಯಾಲ ಬೇಯ್ತದ. ನಮ್ಮನ್ಯಾಗ ನ್ಯೂಟ್ರಲ್‌ನಾಗ ಬೇಯ್ತದ."

ಕಾಕಾ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಬಸವಕಲ್ಯಾಣದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಹೋದ ತಿಂಗಳು ತೀರಿಕೊಂಡರು. ಅವರ ಪಡಸಾಲೆಯಲ್ಲಿ ದೊಡ್ಡದೊಂದು ಗೋಡೆ ಗಡಿಯಾರವಿದೆ. ಡೀಸೆಲ್ ಉಳಿಸಿದ್ದಕ್ಕೆ ಡಿಪೋದವರು ಕೊಟ್ಟದ್ದು. ಅದು ಹೇಗೆ ಉಳಿಯಿತು ಎಂಬುದನ್ನು ಅವರು ಮುಚ್ಚಿಡುತ್ತಿರಲಿಲ್ಲ. ಇಳಿಜಾರು ಬಂದರೆ ಗೇರ್ ತೆಗೆದು ಎಂಜಿನ್ ನಿಲ್ಲಿಸಿ, ಜನ ತುಂಬಿದ ಬಸ್ಸನ್ನು ಅದರ ಪಾಡಿಗೆ ಉರುಳಲು ಬಿಡುತ್ತಿದ್ದರು. ಹಾಗೆ ಮಾಡಬಾರದು ಎಂದು ಆಮೇಲೆ ಡಿಪೋದಲ್ಲಿ ಬೋರ್ಡು ಹಾಕಿದರಂತೆ. "ಬೋರ್ಡ್ ಬರೋಕಿಂತ ಮೊದಲ ಗಡಿಯಾರ ಬಂದಿತ್ತು" ಎಂದು ನಗುತ್ತಿದ್ದರು. ಆದರೆ ಅವರಿಗೆ ನಿಜವಾಗಿ ಹೆಮ್ಮೆಯಿದ್ದದ್ದು ಗಡಿಯಾರದ ಬಗ್ಗೆ ಅಲ್ಲ. "ನನ್ನ ಗಾಲಿಗೆ ಒಂದ್ ಕೋಳಿ ಸತ್ತಿಲ್ಲ" ಎಂಬ ಮಾತನ್ನು ಅವರು ದೇವರ ಮುಂದೆ ನಿಂತವರ ಹಾಗೆ, ದನಿ ತಗ್ಗಿಸಿ ಹೇಳುತ್ತಿದ್ದರು.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿ ಹುಮನಾಬಾದಿನ ಔಷಧ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಕೆಲಸಕ್ಕಿದ್ದೇನೆ. ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕಾಕಾ ನನ್ನನ್ನು "ಲ್ಯಾಬ್ ಮೇಡಂ" ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಪ್ರೀತಿ, ಅರ್ಧ ಚೇಷ್ಟೆ. "ಏನ್ ಲ್ಯಾಬ್ ಮೇಡಂ, ಇವತ್ತ ಯಾವ ಗುಳಿಗಿ ಫೇಲ್ ಮಾಡಿದ್ರಿ?" ಎಂದು ಸಂಜೆ ಕಟ್ಟೆಯ ಮೇಲಿಂದಲೇ ಕೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಅವರು ಆ ಕಟ್ಟೆಯ ಮೇಲೆ ಡ್ರೈವರ್ ಸೀಟಿನಲ್ಲಿ ಕೂತ ಹಾಗೆಯೇ ಕೂರುತ್ತಿದ್ದರು: ಬೆನ್ನ ಹಿಂದೆ ಟವೆಲು, ಬಲಗಾಲು ಸ್ವಲ್ಪ ಮುಂದೆ.

ನಿವೃತ್ತಿಯ ಮೇಲೆ ತಾವು ಕೊಂಡ ಗಾಡಿಯನ್ನು ಅವರು ಕಂಡದ್ದು ಹುಮನಾಬಾದಿನ ಕಾಳಿನ ಬಜಾರಿನಲ್ಲಿ. ಒಂದು ಅಡತಿ ಅಂಗಡಿಯ ಹಿಂದೆ, ಬೇವಿನ ಗಿಡದ ಕೆಳಗೆ ಹಳೆಯ ಸ್ಟೇಷನ್ ವ್ಯಾಗನ್ ನಿಂತಿತ್ತು. ಕಾರಿನ ಮುಖ, ಆದರೆ ಹಿಂಬದಿ ಚಪ್ಪಟೆಯಾಗಿ ಉದ್ದಕ್ಕೆ ಹೋಗುವ, ಈಗ ಎಲ್ಲೂ ಕಾಣದ ಗಾಡಿ. ಬಜಾರಿನವರು ಅದನ್ನು ಲಂಬಿ ಗಾಡಿ ಎನ್ನುತ್ತಿದ್ದರು. ಎಂಜಿನ್ ಯಾವಾಗಲೋ ಸತ್ತಿತ್ತು. ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿದು ಹಪ್ಪಳದಂತಾಗಿತ್ತು. ಹಿಂದಿನ ಸೀಟಿನ ಮೇಲೆ ಒಂದು ಕೋಳಿ ಕಾವು ಕೂತಿತ್ತು. ವ್ಯವಹಾರ ಮುಗಿದು ಎಳೆದೊಯ್ಯಲು ಟ್ರ್ಯಾಕ್ಟರ್ ಬಂದಾಗ ಕಾಕಾ ಅದನ್ನು ವಾಪಸು ಕಳಿಸಿದರು. ಮರಿಗಳು ಹೊರಗೆ ಬಂದು, ತಾಯಿಯ ಹಿಂದೆ ತಾವೇ ಇಳಿದು ಹೋಗುವವರೆಗೆ ಗಾಡಿಯನ್ನು ಅಲುಗಿಸಲು ಬಿಡಲಿಲ್ಲ. ಅಡತಿಯವನು, "ಡ್ರೈವರ್ ಸಾಹೇಬ್ರ, ಕೋಳಿಗೂ ಟಿಕೆಟ್ ಹರೀತೀರೇನು?" ಎಂದು ಹಂಗಿಸಿದನಂತೆ.

"ಬಸ್ಸು ಸರ್ಕಾರದ್ದು. ಇದು ನಂದು" ಎಂದು ಕಾಕು ಹತ್ತಿರ ಹೇಳಿದ್ದರಂತೆ. ಕಾಕುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಓಡಿಸಿದ ರಸ್ತೆಗಳನ್ನೆಲ್ಲ ಒಮ್ಮೆ ತೋರಿಸಬೇಕು ಎಂಬುದು ಅವರ ಆಸೆ. ಕಾಕು ತಮ್ಮ ಗಂಡ ಓಡಿಸುವ ಬಸ್ಸಿನಲ್ಲಿ ಒಮ್ಮೆಯೂ ಕೂತವರಲ್ಲ.

ಗಾಡಿ ಹುಮನಾಬಾದಿನ ಒಂದು ಗ್ಯಾರೇಜಿಗೆ ಹೋಯಿತು. ಅಲ್ಲಿನ ಮೇಸ್ತ್ರಿಯನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಗ್ಯಾರೇಜು ನಮ್ಮ ಕಾರ್ಖಾನೆಯ ದಾರಿಯಲ್ಲೇ ಇದ್ದುದರಿಂದ ಪಾಳಿ ಮುಗಿಸಿ ಬರುವಾಗ ನಾನೂ ಅಲ್ಲಿ ನಿಲ್ಲತೊಡಗಿದೆ. ಅಪಘಾತವಾದ ಹೊಸ ಕಾರೊಂದರ ಡೀಸೆಲ್ ಎಂಜಿನ್ನನ್ನು ಹೈದರಾಬಾದಿನ ಗುಜರಿಯಿಂದ ತರಿಸಿದ್ದರು. ಅದಕ್ಕೆ ಒಂದು ಕಂಪ್ಯೂಟರ್ ಡಬ್ಬಿ, ಜಡೆಯಷ್ಟು ದಪ್ಪದ ವೈರುಗಳು. ಹಳೆಯ ಎಂಜಿನ್ ಕೂತಿದ್ದ ಜಾಗದಲ್ಲಿ ಅದು ಕೂರಲೊಲ್ಲದು. ಒಂದು ಕಡೆ ಕತ್ತರಿಸಿದರೆ ಇನ್ನೊಂದು ಕಡೆ ತಾಗುತ್ತಿತ್ತು. ಕೊನೆಗೂ ಅದು ಕೂತ ದಿನ ಉಸ್ತಾದ್ ಕೈ ಒರೆಸಿಕೊಳ್ಳುತ್ತ, "ಕಾಕಾ, ಮುದುಕಗ ಹರೇದ ಹುಡುಗನ ಎದಿ ಹಚ್ಚಿದಂಗ ಆಗ್ಯಾದ ನೋಡ್ರಿ. ಎದಿ ಓಡ್ತದ. ಮೊಣಕಾಲ್ ತಡೀಬೇಕಲ್ಲ?" ಎಂದರು.

"ಮುದುಕನ ಮೊಣಕಾಲ್ ಸುದ್ದಿ ನಿಂಗ್ಯಾಕ? ನೀ ಎದಿ ನೋಡ್ಕೊ."

"ನೋಡ್ಕೊಳ್ರಿ, ನಂದೇನದ. ಕಾಕು ಕೇಳಿದ್ರ ನಿಮ್ ಹೆಸ್ರೇ ಹೇಳ್ತೀನಿ."

ಇಬ್ಬರೂ ಜಗಳಾಡಿದ್ದು ಒಂದೇ ವಿಷಯಕ್ಕೆ. ಎಂಜಿನ್ನಿಗೂ ಕಾಲಿಡುವ ಜಾಗಕ್ಕೂ ನಡುವೆ ಇರುವ ಅಡ್ಡ ತಗಡು ತೂತುತೂತಾಗಿತ್ತು. ವೆಲ್ಡಿಂಗ್ ಕಿಡಿ ಮುಟ್ಟಿಸಿದರೆ ಸುಟ್ಟ ಕಾಗದದಂತೆ ಅಂಚು ಹಿಂದೆ ಸರಿಯುತ್ತಿತ್ತು. ಪೂರ್ತಿ ಕಿತ್ತು ಹೊಸದು ಹಾಕೋಣ ಎಂದು ಉಸ್ತಾದ್. ಗಾಡಿಯ ನಂಬರು ಹೊಡೆದಿರುವುದು ಆ ತಗಡಿನ ಮೇಲೆಯೇ, ಅದನ್ನು ಕಿತ್ತರೆ ಆರ್‌ಟಿಓ ಕಚೇರಿಯಲ್ಲಿ ಗಾಡಿಗೆ ಹೆಸರೇ ಉಳಿಯುವುದಿಲ್ಲ ಎಂದು ಕಾಕಾ. ಹೊಸ ಎಂಜಿನ್ನಿಗೆ ಒಪ್ಪಿಗೆ ಕೇಳುವ ಅರ್ಜಿ ಹಾಕುವುದೇ ಇನ್ನೂ ಬಾಕಿಯಿತ್ತು. ಕೊನೆಗೆ ತೇಪೆಯ ಮೇಲೆ ತೇಪೆ ಹಾಕಿ, ಡಾಂಬರು ಬಳಿದರು.

ಮೊದಲ ಟ್ರಯಲ್ ಹುಡಗಿ ಎಂಬ ಊರಿನ ತನಕ. ನಾನೂ ಹಿಂದೆ ಕೂತಿದ್ದೆ. ಕಾಕಾ ಕಾರನ್ನು ಬಸ್ಸಿನ ಹಾಗೇ ಓಡಿಸುತ್ತಿದ್ದರು. ತಿರುವಿನಲ್ಲಿ ರಸ್ತೆಯಷ್ಟೂ ಬೇಕು, ಎದುರು ಬಂದ ಸರ್ಕಾರಿ ಬಸ್ಸಿಗೆ ಕೈ ಎತ್ತಬೇಕು. ಹುಡಗಿ ಊರಿನ ಸ್ಟಾಪ್ ಬಂದಾಗ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗಿ ಗಾಡಿ ನಿಂತಿತು. ಅಲ್ಲಿದ್ದ ಒಬ್ಬ ಮುದುಕಿ ಗಂಟು ಸಮೇತ ಬಾಗಿಲು ತೆಗೆದು ಹತ್ತಿ ನನ್ನ ಪಕ್ಕ ಕೂತು, ಸೆರಗಿನಿಂದ ಆಧಾರ್ ಕಾರ್ಡ್ ಬಿಚ್ಚಿ ಮುಂದೆ ಚಾಚಿದಳು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಕಾರ್ಡ್ ತೋರಿಸುವುದು ಅಭ್ಯಾಸ. ಕಾಕಾ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ, "ಬರೋಬ್ಬರಿ ಅದ. ಎಲ್ಲಿಗಬೇ?" ಎಂದರು. "ಹುಮನಾಬಾದ್‌ಗಪ್ಪಾ. ಬಸ್ ಯಾಕ ಇಷ್ಟ್ ಸಣ್ಣದ್ ಮಾಡ್ಯಾರ?" "ರೊಕ್ಕ ಕೊಡಲಾರದವ್ರಿಗೆ ಇಷ್ಟೇ ಬಸ್" ಎಂದು ಗಾಡಿ ತಿರುಗಿಸಿ ಅವಳನ್ನು ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಮುಂದೆಯೇ ಇಳಿಸಿದರು. ಅವಳು ಇಳಿದು ಹೋಗುವವರೆಗೆ ಅವರ ಮುಖದಲ್ಲಿ ನಗುವಿರಲಿಲ್ಲ. ಆಮೇಲೆ ಸ್ಟಿಯರಿಂಗಿಗೆ ಹಣೆ ಹಚ್ಚಿ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಗಾಡಿಯನ್ನು ಬಸವಕಲ್ಯಾಣಕ್ಕೆ ತರುವ ದಿನ ಶನಿವಾರ. ನಾನು ಪಾಳಿ ಮುಗಿಸಿ ಗ್ಯಾರೇಜಿಗೆ ಬಂದೆ. ಕಾಕಾ ಎದುರಿನ ಅಂಗಡಿಯಲ್ಲಿ ತೆಂಗಿನಕಾಯಿ, ನಿಂಬೆಹಣ್ಣು ತರಲು ಹೋಗಿದ್ದರು. ಉಸ್ತಾದ್ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಎಂಜಿನ್ ಬಂದ್ ಮಾಡಿ, "ಬ್ರೇಕ್ ಒತ್ರಿ" ಎಂದರು. ಒತ್ತಿದೆ. ಮೆತ್ತಗೆ ಇಳಿಯಿತು. "ಮತ್ತ ಒತ್ರಿ." ಇಳಿಯಿತು, ಆದರೆ ಬಿಗಿಯಾಗಿತ್ತು. "ಮತ್ತ." ಈ ಸಲ ಕಲ್ಲು ಒತ್ತಿದ ಹಾಗಾಯಿತು.

"ಇದು ಹೊಸ ಎಂಜಿನ್ನಿನ ಬ್ರೇಕ್ ರೀ ಮೇಡಂ. ಎಂಜಿನ್ ಗಾಳಿ ಎಳದ್ರ ಕಾಲಿಗೆ ಜೋರ್ ಬರ್ತದ. ಎಂಜಿನ್ ಬಂದ್ ಆತಂದ್ರ ಎರಡ್ ಸಲ ಹಿಡೀತದ, ಆಮ್ಯಾಗ ಖಲಾಸ್. ಹಳೇ ಗಾಡಿಗೆ ಇದ್ದಿದ್ದಿಲ್ಲ ಇದು. ಕಾಕಾಗ ಇಳಿಜಾರಿನಾಗ ಬಂದ್ ಮಾಡೋ ಆದತ್ ಅದ. ನಾ ಹೇಳಿದ್ರ 'ನೀ ಹುಟ್ಟೋಕಿಂತ ಮೊದಲ ನಾ ಬ್ರೇಕ್ ಒತ್ತೀನಿ' ಅಂತಾರ. ನೀವ್ ಕಲ್ತವ್ರು. ನೀವ್ ಹೇಳ್ರಿ."

ನಾನು ಹೇಳಿದೆ. ಅದನ್ನು ಇಲ್ಲಿ ಬರೆಯಬೇಕು, ಏಕೆಂದರೆ ಎಷ್ಟೋ ಸಲ ನನಗೆ ನಾನೇ ಇದನ್ನೇ ಹೇಳಿಕೊಂಡಿದ್ದೇನೆ. ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ ಹೆದ್ದಾರಿಗೆ ಬಂದ ಕೂಡಲೇ, ಪಕ್ಕದ ಸೀಟಿನಲ್ಲಿದ್ದ ನಾನು, "ಕಾಕಾ, ಎಂಜಿನ್ ಬಂದ್ ಮಾಡಿದ್ರ ಬ್ರೇಕ್ ಬಿಗಿ ಆಗ್ತದಂತ. ಉಸ್ತಾದ್ ಹೇಳ್ಯಾರ" ಎಂದೆ. ಅವರು "ಹೂಂ" ಎಂದರು. ಅವರ ಕಿವಿ ಎಂಜಿನ್ನಿನ ಸದ್ದಿನ ಮೇಲಿತ್ತು. ಉಸ್ತಾದ್ ನನ್ನ ಕಾಲಿನಿಂದಲೇ ಒತ್ತಿಸಿ ತೋರಿಸಿದ್ದನ್ನು ನಾನು ಒಂದು ಸುದ್ದಿಯ ಹಾಗೆ ಮುಟ್ಟಿಸಿದೆ. ಮುಟ್ಟಿಸಿ ಸುಮ್ಮನಾದೆ.

ಸಂಜೆಯ ಬಿಸಿಲು ಎದುರಿಗಿತ್ತು. ಗಾಡಿ ಚೆನ್ನಾಗಿ ಓಡುತ್ತಿತ್ತು. ಏರಿನಲ್ಲಿ ಎರಡು ಲಾರಿಗಳನ್ನು ಹಿಂದೆ ಹಾಕಿ ಕಾಕಾ ನನ್ನ ಕಡೆ ನೋಡಿದರು, ಹೊಗಳಿಕೆಗಾಗಿ. ನನಗೆ ಅವರನ್ನು ಕೆಣಕಬೇಕು ಅನಿಸಿತು.

"ಜೋರ್ ಅದ ಕಾಕಾ. ಆದ್ರ ಆವರೇಜ್ ಎಷ್ಟ್ ಕೊಡ್ತದ? ಈ ಎಂಜಿನ್ ಡೀಸೆಲ್ ಕುಡಿಯೋದು ನೋಡಿದ್ರ ಡಿಪೋದವ್ರು ಗಡಿಯಾರ ವಾಪಸ್ ಒಯ್ತಾರ."

ಅಷ್ಟು ಹೊತ್ತಿಗೆ ಏರು ಮುಗಿದು ಇಳಿಜಾರು ಶುರುವಾಗಿತ್ತು.

"ಆವರೇಜ್ ಎಂಜಿನ್ ಕೊಡಂಗಿಲ್ಲ ಲ್ಯಾಬ್ ಮೇಡಂ, ಡ್ರೈವರ್ ಕೊಡ್ತಾನ" ಎಂದು ಅವರು ಗೇರ್ ತೆಗೆದರು. ಕೈ ಚಾವಿಯ ಕಡೆ ಹೋಯಿತು. ಆ ಕೈಯನ್ನು ನಾನು ನೋಡಿದೆ. ನೋಡಿ ನಗುತ್ತಿದ್ದೆ.

ಎಂಜಿನ್ ನಿಂತಿತು. ಮೊದಲು ಚೆಂದವೇ ಇತ್ತು. ಗಾಳಿಯ ಸದ್ದು, ಟಯರಿನ ಸದ್ದು, ಹೊಲದ ಕಡೆಯಿಂದ ಹಕ್ಕಿಗಳ ಸದ್ದು ಕೂಡ. ಕಾಕಾ ಒಂದು ಸಲ ಬ್ರೇಕ್ ಒತ್ತಿದರು, ಗಾಡಿ ತಗ್ಗಿತು. ಮತ್ತೊಮ್ಮೆ ಒತ್ತಿದರು. ಇಳಿಜಾರಿನ ಬುಡದಲ್ಲಿ ರಸ್ತೆಯ ಬದಿಗೆ ಒಂದು ಟಂಟಂ ಆಟೋ ನಿಂತಿತ್ತು. ಕೂಲಿ ಮುಗಿಸಿದ ಹೆಣ್ಣುಮಕ್ಕಳು ತೊಗರಿ ಕಟ್ಟಿಗೆಯ ಹೊರೆ ಹೊತ್ತು ಅದರ ಕಡೆ ರಸ್ತೆ ದಾಟುತ್ತಿದ್ದರು. ಕಾಕಾ ಮೂರನೇ ಸಲ ಒತ್ತಿದಾಗ ಅವರ ಮೈ ಸೀಟಿನಿಂದ ಮೇಲೆದ್ದಿತು. ಆಗ ನನಗೆ ಗೊತ್ತಾಯಿತು. ಆ ಕಲ್ಲು ನನ್ನ ಅಂಗಾಲಿಗೆ ಗೊತ್ತಿತ್ತು.

ಅವರು ಹಾರ್ನ್ ಒತ್ತಿದರು. ಚಾವಿ ಬಂದ್ ಮಾಡಿದ್ದರಿಂದ ಹಾರ್ನ್ ಕೂಗಲಿಲ್ಲ. ಕೈ ಬ್ರೇಕ್ ಎಳೆದರು. ಅದು ಸಡಿಲಾಗಿ ಮೇಲೆ ಬಂತು, ಏನನ್ನೂ ಹಿಡಿಯಲಿಲ್ಲ. ಸದ್ದೇ ಇಲ್ಲದ ಗಾಡಿ ಹಿಂದಿನಿಂದ ಬರುತ್ತಿದೆ ಎಂದು ತಲೆಯ ಮೇಲೆ ಹೊರೆ ಇರುವವರಿಗೆ ಹೇಗೆ ತಿಳಿಯಬೇಕು? ಕಾಕಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಸರೀರಿ, ಸರೀರಿ ಯವ್ವಾ!" ಒಬ್ಬಳು ತಿರುಗಿದಳು. ಉಳಿದವರು ತಿರುಗಲಿಲ್ಲ. ನಾನು ಕೂಗಲಿಲ್ಲ. ನನ್ನ ಬಾಯಲ್ಲಿ ಆ ನಗು ಇನ್ನೂ ಹಾಗೇ ಸಿಕ್ಕಿಕೊಂಡಿತ್ತು. ಬಲಗಾಲು ಮಾತ್ರ ನನ್ನ ಕಡೆ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಗಟ್ಟಿ ಹಿಡಕೋ ಬೇಟಾ" ಎಂದರು. ಲ್ಯಾಬ್ ಮೇಡಂ ಎನ್ನಲಿಲ್ಲ. ಸ್ಟಿಯರಿಂಗ್ ಎಡಕ್ಕೆ ಎಳೆದರು. ರಸ್ತೆ ಕೆಲಸಕ್ಕೆ ಸುರಿದಿದ್ದ ಜಲ್ಲಿ ಖಡಿಯ ಗುಡ್ಡೆಗೆ ಗಾಡಿ ಮುಖ ಕೊಟ್ಟಿತು.

ಹೆಣ್ಣುಮಕ್ಕಳಿಗೆ ಏನೂ ಆಗಲಿಲ್ಲ. ಹೊರೆ ಎಸೆದು ಅವರೇ ಓಡಿಬಂದು ಬಾಗಿಲು ಎಳೆದರು. ನನಗೆ ಹುಬ್ಬಿನ ಮೇಲೆ ಗಾಜು ತಾಗಿತ್ತು, ಅಷ್ಟೇ. ಎಂಜಿನ್ ಮಾತ್ರ ತನ್ನ ಜಾಗದಲ್ಲಿರಲಿಲ್ಲ. ತೇಪೆ ಹಾಕಿದ ತಗಡನ್ನು ಹರಿದುಕೊಂಡು ಒಳಗೆ ಬಂದು ಕಾಕಾ ಅವರ ಬಲಗಾಲಿನ ಮೇಲೆ ಕೂತಿತ್ತು. ಅವರು ಕಾಲು ನೋಡಿಕೊಳ್ಳಲಿಲ್ಲ. "ಯಾರಿಗರ ಹತ್ತೇದೇನು? ನೋಡು, ಎಣಿಸಿ ನೋಡು" ಎಂದು ನನ್ನನ್ನೇ ಕೇಳುತ್ತಿದ್ದರು. ಯಾರಿಗೂ ಇಲ್ಲ ಕಾಕಾ ಎಂದರೂ ನಂಬದೆ, ಆ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಮಾತಾಡಿಸಿದ ಮೇಲೆ ಕಣ್ಣು ಮುಚ್ಚಿದರು.

ಬೀದರಿನ ಆಸ್ಪತ್ರೆಯಲ್ಲಿ ಕಾಲು ಉಳಿಯಿತು, ಆದರೆ ಪಾದ ಮಡಿಚುವುದು ನಿಂತುಹೋಯಿತು. ಪೆಡಲ್ ಒತ್ತುವ ಕಾಲು ಅದು.

ಪೊಲೀಸರು ಬಂದಾಗ, ಬಂದು ಹೋಗುವವರೆಲ್ಲ ಕೇಳಿದಾಗ, ಕಾಕಾ ಒಂದೇ ಮಾತು ಹೇಳಿದರು: "ಬ್ರೇಕ್ ಫೇಲ್ ಅಲ್ಲ. ಉಸ್ತಾದನ ಕೆಲಸದಾಗ ತಪ್ಪಿಲ್ಲ. ನಡಿಯೋ ಗಾಡಿ ಬಂದ್ ಮಾಡ್ದವ ನಾ." ಊರಿಗೆ ಇಷ್ಟು ಸಾಕಾಯಿತು. ಮನೆಗೆ ಬಂದ ಹಳೆಯ ಕಂಡಕ್ಟರ್ ಒಬ್ಬರು ಅವರ ಮುಂದೆಯೇ, "ಡೀಸೆಲ್ ಉಳಸಾಕ ಹೋಗಿ ಕಾಲ್ ಖರ್ಚ್ ಮಾಡ್ಕೊಂಡ್ಯಲ್ಲೊ" ಎಂದು ಗಡಿಯಾರದ ಕಡೆ ನೋಡಿ ನಕ್ಕರು. ಕಾಕಾ ತಾವೂ ನಕ್ಕರು. ನಾನು ಅದೇ ಕೋಣೆಯಲ್ಲಿ ಚಹಾದ ಕಪ್ಪು ಹಿಡಿದು ಕೂತಿದ್ದೆ. ಆವರೇಜ್ ಕೇಳಿದವಳು ನಾನು ಎಂಬ ಒಂದು ಮಾತು ಸಾಕಿತ್ತು. ಅವರ ಮುಖ ನೋಡಿದೆ. ಅವರು ಬೇರೆ ಯಾವುದೋ ಮಾತು ತೆಗೆದರು.

ಆಮೇಲೆ ಬಹಳ ಸಂಜೆಗಳು ಹಾಗೆಯೇ ಹೋದವು. ಕೋಲು ಊರಿಕೊಂಡು ಕಟ್ಟೆಗೆ ಬರುತ್ತಿದ್ದರು. ನಾನು ಬಸ್ಸಿಳಿದು ಬರುವುದನ್ನು ಕಂಡು ಗುಳಿಗೆಗಳ ಬಗ್ಗೆ ಕೇಳುತ್ತಿದ್ದರು. ನಾನು ಹತ್ತಿರ ಕೂತಾಗ ಅವರ ಬಲಗಾಲಿನ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದೆ. ಅದು ಅವರಿಗೆ ತಿಳಿಯುತ್ತಿತ್ತು, ಏಕೆಂದರೆ ನನ್ನ ಹೆಜ್ಜೆ ಕೇಳಿದರೆ ಕಾಲಿನ ಮೇಲೆ ಟವೆಲು ಎಳೆದುಕೊಳ್ಳುತ್ತಿದ್ದರು. ಹೇಳಬೇಕಾದದ್ದನ್ನು ಹೇಳಲು ನಾಳೆ ಇದೆ ಎಂದು ನಾನು ಅಂದುಕೊಳ್ಳುತ್ತಿದ್ದೆ. ಹೋದ ತಿಂಗಳು ನಿದ್ದೆಯಲ್ಲೇ ಅವರ ಎದೆ ನಿಂತಿತು. ಕಾಲಿಗೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಮಣ್ಣು ಮಾಡುವ ದಿನ ಹುಮನಾಬಾದಿನಿಂದ ಉಸ್ತಾದ್ ಬಂದಿದ್ದರು. ಲಂಬಿ ಗಾಡಿ ಇನ್ನೂ ಅವರ ಗ್ಯಾರೇಜಿನ ಹಿಂದೆಯೇ ಇದೆಯಂತೆ. ಎಂಜಿನ್ನಿಗೆ ಏನೂ ಆಗಿಲ್ಲ, ಬಿಚ್ಚಿ ತಾಡಪತ್ರಿ ಮುಚ್ಚಿಟ್ಟಿದ್ದಾರೆ, ಕೇಳಿದವರಿಗೆ ಕೊಟ್ಟಿಲ್ಲ. ಹೋಗುವಾಗ ನನ್ನ ಹತ್ತಿರ ನಿಂತು, "ಮೇಡಂ, ನೀವ್ ಅವತ್ತ ಬ್ರೇಕಿನ ಮಾತ್ ಹೇಳಿದ್ರಿ ಅಲ್ಲ?" ಎಂದರು. "ಹೇಳಿದ್ದೆ" ಎಂದೆ. ಅವರು ಹೆಚ್ಚು ಕೇಳಲಿಲ್ಲ.

ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಕಾಕು ಒಬ್ಬರೇ ಇದ್ದರು. ಅಕ್ಕಿ ಆರಿಸುತ್ತಿದ್ದರು. ನಾನೂ ಮೊರಕ್ಕೆ ಕೈ ಹಾಕಿ ಕೂತೆ. ಒಂದಿಷ್ಟು ಕಲ್ಲು ಆರಿಸಿಟ್ಟ ಮೇಲೆ ಹೇಳಿದೆ.

"ಕಾಕು, ಅವತ್ತ ಕಾಕಾ ಸುಮ್‌ಸುಮ್ನೆ ಎಂಜಿನ್ ಬಂದ್ ಮಾಡ್ಲಿಲ್ಲ. ನಾ ಆವರೇಜ್ ಎಷ್ಟ್ ಅಂತ ಕೇಳಿದ್ದೆ. ಗಡಿಯಾರ ವಾಪಸ್ ಒಯ್ತಾರ ಅಂತ ಕಾಡಿಸಿದ್ದೆ."

ಕಾಕು ಮೊರದಿಂದ ಕಣ್ಣೆತ್ತಲಿಲ್ಲ.

"ಗೊತ್ತದ."

"ಕಾಕಾ ಹೇಳಿದ್ರಾ?"

"ದವಾಖಾನ್ಯಾಗೇ ಹೇಳ್ಯಾರ. ಕಾಲಿಗೆ ಪಟ್ಟಿ ಸುತ್ತಾಕತ್ತಿದ್ರು, ಇವ್ರು ನನ್ನ ಮುಂದ ಹೇಳಾಕತ್ತಿದ್ರು. 'ಹುಡುಗಿ ಆವರೇಜ್ ಕೇಳಿದ್ಲು ನೋಡು. ಮನ್ಯಾಗ ಕೂತಾಗಿಂದ ಯಾರೂ ಕೇಳಿದ್ದಿಲ್ಲ' ಅಂದ್ರು." ಕಾಕು ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು. "ಖುಷಿ ಆಗಿತ್ತವ್ವಾ ಅವ್ರಿಗಿ. ಯಾರ ಮುಂದೂ ಅನಬ್ಯಾಡ ಅಂದಿದ್ರು, ನೀ ಮನಸಿಗಿ ಹಚ್ಕೋತಿ ಅಂತ."

ನಾನೂ ಒಂದು ಕಲ್ಲು ಆರಿಸಿ ಅದರ ಪಕ್ಕಕ್ಕಿಟ್ಟೆ. ಕಾಕು ಕೇಳಿದರು, "ಆ ಗಾಡ್ಯಾಗ ಮುಂದಿನ ಸೀಟ್ ಹ್ಯಾಂಗಿತ್ತು? ನಂಗ ಕೂಡಿಸ್ತೀನಿ ಅಂದಿದ್ರು."

"ಚಲೋ ಇತ್ತು ಕಾಕು. ರಸ್ತಾ ಪೂರಾ ಕಾಣ್ತಿತ್ತು."

ಅವರು ಹೂಂ ಎಂದು ಮತ್ತೆ ಅಕ್ಕಿಗೆ ಬಗ್ಗಿದರು.

ದಿನವೂ ಸಂಜೆ ನನ್ನ ಬಸ್ಸು ಅದೇ ಇಳಿಜಾರು ಇಳಿಯುತ್ತದೆ. ಖಡಿಯ ಗುಡ್ಡೆ ಈಗಿಲ್ಲ, ರಸ್ತೆ ಕೆಲಸ ಮುಗಿದಿದೆ. ಆದರೆ ಏರು ಮುಗಿಯುವ ಹೊತ್ತಿಗೆ ಫೋನಿನಲ್ಲಿದ್ದರೂ ಮಾತು ನಿಲ್ಲಿಸಿ ಎಂಜಿನ್ನಿನ ಸದ್ದಿಗೆ ಕಿವಿ ಕೊಡುತ್ತೇನೆ. ಈಗಿನ ಡ್ರೈವರುಗಳು ಯಾರೂ ಎಂಜಿನ್ ನಿಲ್ಲಿಸುವುದಿಲ್ಲ. ಅದು ಗೊತ್ತಿದ್ದೂ ಮುಂದಿನ ಸೀಟಿನ ಕಂಬಿ ಹಿಡಿಯುತ್ತೇನೆ. ನಿನ್ನೆ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಾಲ ಕಡೆ ನೋಡಿ, "ಕಾಲ್ ಜೋಮು ಹಿಡೀತೇನ್ರಿ?" ಎಂದು ಕೇಳಿದಳು. ಬಗ್ಗಿ ನೋಡಿದೆ. ನನ್ನ ಬಲಗಾಲು ಬಸ್ಸಿನ ತಳದ ತಗಡನ್ನು ಬೆರಳು ಬೆಳ್ಳಗಾಗುವಷ್ಟು ಒತ್ತಿಕೊಂಡಿತ್ತು.

"ಇಲ್ಲ್ರಿ" ಎಂದೆ. ಇಳಿಜಾರು ಮುಗಿಯುವ ತನಕ ತೆಗೆಯಲಿಲ್ಲ.